ಎಪಿಎಂಸಿಯಲ್ಲಿ ಎಪ್ಸಿಲಾನ್

ಮೊಬೈಲಿನಲ್ಲಿ ಜನಾಭಿಪ್ರಾಯ ಹೇಗೆ ಹಬ್ಬುತ್ತದೆ ಅಂತ ವಿದ್ವಾಂಸರು ಗಣಿತದ ಮಾದರಿ ಕಟ್ಟುತ್ತಿದ್ದಾರಂತೆ. ಕಟ್ಟಲಿ ಪಾಪ. ಒಮ್ಮೆ ಕೋಲಾರದ ಕಡೆ ಬಂದಿದ್ದರೆ ಅರ್ಧ ಲೆಕ್ಕ ಉಳಿಯುತ್ತಿತ್ತು.

ಎಲ್ಲರೂ ಅಕ್ಕಪಕ್ಕದವರ ಮಾತು ಕೇಳಿ ತಮ್ಮದನ್ನು ತಿದ್ದಿಕೊಳ್ಳುತ್ತಾ ಹೋದರೆ ಕೊನೆಗೆ ಒಮ್ಮತ ಬರುತ್ತದೆ ಅಂತ 1974ರಲ್ಲೇ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಿಗ್ರೂಟ್ ಲೆಕ್ಕ ಹಾಕಿಟ್ಟ. ಸಜ್ಜನ. ನಮ್ಮ ವಾರ್ಡ್ ಗ್ರೂಪಲ್ಲೂ ಒಮ್ಮತವಿದೆ. ಒಪ್ಪದವರನ್ನು ಅಡ್ಮಿನ್ ಅಣ್ಣ ರಿಮೂವ್ ಮಾಡಿದ ಮೇಲೆ.

2002ರಲ್ಲಿ ಇನ್ನೊಂದು ಮಾದರಿ ಕಟ್ಟಿದ ಹೆಗ್ಸೆಲ್‌ಮನ್ ಮತ್ತು ಕ್ರೌಸೆ ಸ್ವಲ್ಪ ನಮ್ಮೋರ ಥರ. ಮನುಷ್ಯ ತನ್ನ ಅಭಿಪ್ರಾಯಕ್ಕೆ ಹತ್ತಿರ ಇರೋರ ಮಾತು ಮಾತ್ರ ಕೇಳುತ್ತಾನೆ ಅಂದರು. ಎಷ್ಟು ಹತ್ತಿರ ಅನ್ನೋದಕ್ಕೆ ಎಪ್ಸಿಲಾನ್ ಅಂತ ಹೆಸರು. ಅದು ಚಿಕ್ಕದಾದಷ್ಟೂ ಊರು ಗುಂಪು ಗುಂಪಾಗಿ ಒಡೆಯುತ್ತದೆ. ಕೆ.ಸಿ. ವ್ಯಾಲಿ ನೀರು ನೋಡಿ: ಬೆಂಗಳೂರಿನ ಕೊಳಚೆ ಸಂಸ್ಕರಣೆಯಾಗಿ ನಮ್ಮ ಕೆರೆಗೆ ಬರುತ್ತಿರೋದು 2018ರಿಂದ. ಒಂದೇ ಕೆರೆಯ ಒಂದೇ ಫೋಟೊ. ಒಂದು ಗ್ರೂಪಲ್ಲಿ ಕೈಮುಗಿದ ನಾಯಕರ ಸಮೇತ 'ಗಂಗಾವತರಣ', ಇನ್ನೊಂದರಲ್ಲಿ 'ವಿಷ, ಶೇರ್ ಮಾಡಿ'. ಕೆರೆ ಇರೋದು ರಸ್ತೆ ಪಕ್ಕದಲ್ಲೇ. ಏರಿ ಹತ್ತಿ ನೋಡಿದವರು ಎರಡೂ ಗ್ರೂಪಲ್ಲಿ ಇಲ್ಲ.

ಗುಲಾಬಿ ಹೂವಿನ 'ಶುಭೋದಯ'ದ ಕೆಳಗೆ 'ಈ ನೀರಿನ ತರಕಾರಿ ತಿಂದರೆ ಕಿಡ್ನಿ ಖಲಾಸ್' ಅಂತ ಹಾಕಿದ್ದ ಹಿರಿಯರನ್ನು ಕೇಳಿದೆ, 'ಯಾರು ಹೇಳಿದ್ದು ಮಾವ?'

'ಯಾರಿಗ್ಗೊತ್ತಪ್ಪ. ಬಂತು, ಹಾಕ್ದೆ.'

ಇದಕ್ಕೆ ಯಾವ ಸಮೀಕರಣ ಬೇಕು ಸ್ವಾಮಿ?

ಟ್ವಿಟರ್‌ನಲ್ಲಿ 1500 ಜನರನ್ನು ಮುಟ್ಟೋಕೆ ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೊತ್ತು ಬೇಕು ಅಂತ 2018ರಲ್ಲಿ ಒಂದು ಅಧ್ಯಯನ ಹೇಳಿತು. ನಮ್ಮ ಟೊಮೆಟೊ ಮಂಡಿಯಲ್ಲಿ ಸುಳ್ಳಿಗೆ ಅಷ್ಟು ಓಡುವ ಕಷ್ಟವೂ ಇಲ್ಲ. 'ನಾಸಿಕ್ ಮಾಲು ಇಳಿದಿದೆ, ನಾಳೆ ರೇಟು ಬೀಳುತ್ತೆ' ಅಂತ ರಾತ್ರಿ ಒಂದು ವಾಯ್ಸ್ ನೋಟು. ದನಿ ಯಾರದ್ದು? ದೇವರೇ ಬಲ್ಲ. ರೈತ ಬ್ಯಾಟರಿ ಹಿಡಿದು ದೋರೆಗಾಯಿನೂ ಕಿತ್ತು ಬಾಕ್ಸಿಗೆ ತುಂಬುತ್ತಾನೆ. ಬೆಳಗ್ಗೆ ಮಂಡಿ ತುಂಬ ಮಾಲು, ರೇಟು ನೆಲಕ್ಕೆ. ಸುಳ್ಳು ಹೇಳಿದವನು ಜ್ಯೋತಿಷಿಯಾದ.

ನಗಬಹುದು. ಆದರೆ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರು ಅಂದರು. ಅವರ ಕಾರಿಗಿಂತ ಮೊದಲೇ ಮೆಸೇಜು ಮುರ್ಕಿ ಅನ್ನೋ ಹಳ್ಳಿ ತಲುಪಿತ್ತು. ಹೈದರಾಬಾದಿನ ಎಂಜಿನಿಯರ್ ಒಬ್ಬನನ್ನು ಜನ ಹೊಡೆದು ಕೊಂದರು. ಕೊಂದವರಿಗೂ ಯಾರೋ ಕಳಿಸಿದ್ದೇ, ಬಂದಿದ್ದೇ. ಕಳಿಸಿದವನು ಮನೇಲಿ ಊಟ ಮಾಡುತ್ತಿದ್ದನೋ ಏನೋ. ಥೂ.

ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ಮಿತಿ ಹಾಕಿತು. ನಮ್ಮ ಮಾವ ಕಾನೂನು ಮೀರುವ ಪೈಕಿ ಅಲ್ಲ. ಐದೈದಾಗಿ ಕಳಿಸ್ತಾರೆ.