ದ್ವಿಜನಾಗಲು ವಿಸ್ಕಾನ್ಸಿನ್‌ಗೆ ಬರಬೇಕಾಯಿತು

ಹೊರಗೆ ಮೊಣಕಾಲಿನ ಮಟ್ಟಕ್ಕೆ ಹಿಮ ಬಿದ್ದಿದ್ದ ಒಂದು ಶನಿವಾರ ಸಂಜೆ, ಮಿಲ್ವಾಕಿಯ ಚರ್ಚೊಂದರ ನೆಲಮಾಳಿಗೆಯಲ್ಲಿ ನಾನು ದ್ವಿಜನಾದೆ. ಉಪನಯನವಿಲ್ಲ, ಜನಿವಾರವಿಲ್ಲ, ಕಿವಿಯಲ್ಲಿ ಮಂತ್ರ ಹೇಳುವವರಿಲ್ಲ. ಮಡಚುವ ಕುರ್ಚಿಗಳು, ಉದ್ದನೆಯ ಪ್ಲಾಸ್ಟಿಕ್ ಮೇಜು, ತಟ್ಟೆಯಲ್ಲಿ ಚೀಸಿನ ತುಂಡುಗಳು, ಮೂಲೆ ಸವೆದ ಒಂದು ರಟ್ಟಿನ ಪೆಟ್ಟಿಗೆ. ಅದರೊಳಗಿನ ಪುಸ್ತಕ ತೆರೆದು ನನ್ನ ಸಹೋದ್ಯೋಗಿ ಗಟ್ಟಿಯಾಗಿ ಓದಿದ: ಈ ಆಟದಲ್ಲಿ ನೀವೆಲ್ಲರೂ ‘ಟ್ವೈಸ್‌ಬಾರ್ನ್’, ಎರಡು ಬಾರಿ ಹುಟ್ಟಿದವರು.

ನಾನೊಬ್ಬನೇ ನಕ್ಕೆ. ಏಕೆಂದು ಕೇಳಿದರು. ಸುಳ್ಯದ ಕಡೆಯ ಅರೆಭಾಷೆ ಗೌಡರ ಮನೆಯವನು ನಾನು. ಜಾತ್ರೆಯ ದಿನ ನನ್ನ ಅಜ್ಜ ಬೇರೆ ಪಂಕ್ತಿಯಲ್ಲಿ ಕುಳಿತು ಉಂಡವರು. ಊರಿನಲ್ಲಿ ಆ ಪದ ಯಾರಿಗೆ ಸಲ್ಲುತ್ತದೆ ಎಂಬುದರ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಅದನ್ನೆಲ್ಲ ಐದು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವುದು ಆಗುವ ಮಾತೇ? ಅವರ ಲೆಕ್ಕದಲ್ಲಿ ಅದು ಯೋಹಾನನ ಸುವಾರ್ತೆಯಲ್ಲಿ ಯೇಸು ನಿಕೊದೇಮನಿಗೆ ಹೇಳಿದ ಮರುಹುಟ್ಟು. ಜಾತಿ ಕೇಳದೆ ಕೊಡುತ್ತಾರೆ, ಒಪ್ಪಿಕೊಂಡರೆ ಸಾಕು. ನಮ್ಮಲ್ಲಿ ಕೇಳಿದರೂ ಕೊಡುವುದಿಲ್ಲ, ಇವರಲ್ಲಿ ಬೇಡವೆಂದರೂ ಬಿಡುವುದಿಲ್ಲ ಎಂದುಕೊಂಡು ದಾಳ ಕೈಗೆತ್ತಿಕೊಂಡೆ.

ಆಟದ ಹೆಸರು ಡ್ರ್ಯಾಗನ್‌ರೈಡ್. 1984ರಲ್ಲಿ ಡಿಕ್ ವುಲ್ಫ್ ಎಂಬವರು ರೂಪಿಸಿ ಕೊಲೊರಾಡೊದಿಂದ ಹೊರತಂದದ್ದು. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಕಥೆ ನಡೆಸುವವನು ಒಡ್ಡುವ ಸಂಕಟಗಳನ್ನು ಮಾತಿನಿಂದಲೂ ದಾಳದಿಂದಲೂ ದಾಟಿಹೋಗುವ ಆಟಗಳಿವೆಯಲ್ಲ, ಆ ಕುಲಕ್ಕೆ ಸೇರಿದ್ದು. ಇಲ್ಲಿನ ಡ್ರ್ಯಾಗನ್‌ಗಳೆಂದರೆ ಪಾಪಗಳು. ಪಾತ್ರದ ಬಲಾಬಲವನ್ನು ಅಳೆಯುವುದು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಬರುವ ಆತ್ಮದ ಫಲಗಳಿಂದ: ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ, ದಯೆ. ಇನ್ನು ಮಂತ್ರ ಹಾಕಬೇಕಾದ ಕಡೆ ಇಲ್ಲಿ ಬೈಬಲ್ ವಚನ. ‘ವರ್ಡ್‌ರೂನ್’ ಎಂದು ಅದಕ್ಕೆ ಹೆಸರು. ಶತ್ರು ಎದುರಾದಾಗ ತಕ್ಕ ವಚನವನ್ನು ನೋಡದೆ, ತಪ್ಪದೆ ಒಪ್ಪಿಸಬೇಕು. ಒಪ್ಪಿಸಬೇಕಾದದ್ದು ಪಾತ್ರವಲ್ಲ, ಮೇಜಿನ ಮುಂದೆ ಕುಳಿತ ನೀವು. ಈ ಒಂದು ನಿಯಮವನ್ನು ನೆನಪಿಟ್ಟುಕೊಳ್ಳಿ, ನನ್ನ ತಕರಾರಿರುವುದು ಅದರ ಮೇಲೆಯೇ.

ಇಂಥದೊಂದು ಆಟ ಏಕೆ ಹುಟ್ಟಿತು ಎಂದು ತಿಳಿಯಲು ನಮ್ಮ ಮನೆಯಿಂದ ಒಂದು ಗಂಟೆ ಕಾರು ಓಡಿಸಿದರೆ ಆಯಿತು. ಲೇಕ್ ಜಿನೀವಾ ಎಂಬ ಸರೋವರದ ಊರು. ಬೇಸಿಗೆಯಲ್ಲಿ ಶಿಕಾಗೊದ ಹಣವಂತರು ದೋಣಿ ಬಿಡುವ ಜಾಗ. ಗ್ಯಾರಿ ಗೈಗ್ಯಾಕ್ಸ್ ಇದ್ದದ್ದು ಅಲ್ಲಿ. ಮಿನೆಸೋಟದ ಡೇವ್ ಆರ್ನೆಸನ್ ಜೊತೆಗೂಡಿ ಅವರು 1974ರಲ್ಲಿ ಈ ಕುಲದ ಮೊದಲ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸಿದರು. ಐದೇ ವರ್ಷ. 1979ರಲ್ಲಿ ಮಿಶಿಗನ್ನಿನ ವಿದ್ಯಾರ್ಥಿಯೊಬ್ಬ ಕಾಣೆಯಾದ. ಆಟದ ಹುಚ್ಚಿನಿಂದಲೇ ಹೀಗಾಯಿತು ಎಂದು ಪತ್ರಿಕೆಗಳು ಬರೆದವು. ಅದು ನಿಜವಲ್ಲವೆಂದು ಗೊತ್ತಾಗುವ ಹೊತ್ತಿಗೆ ಗುಲ್ಲು ಊರು ದಾಟಿತ್ತು. ಆಟದಲ್ಲಿ ಸೈತಾನನಿದ್ದಾನೆ ಎಂಬ ಭಯ ಎಂಬತ್ತರ ದಶಕವನ್ನೆಲ್ಲ ಹಿಡಿದುಕೊಂಡಿತು. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು 1983ರಲ್ಲಿ ಆಟದ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. 1984ರಲ್ಲಿ ಜ್ಯಾಕ್ ಚಿಕ್ ಎಂಬ ಪ್ರಚಾರಕನ ಚಿತ್ರಕಥೆಯ ಕರಪತ್ರ ಬಂತು, ಆಟವಾಡಿದ ಹುಡುಗಿ ಮಾಟಗಾತಿಯಾಗುವ ಕಥೆ. ಡ್ರ್ಯಾಗನ್‌ರೈಡ್ ಬಂದದ್ದೂ ಅದೇ ವರ್ಷ. ಒಂದು ಕಡೆಯವರು ಆಟವನ್ನು ಸುಡಿ ಎಂದರು, ಇನ್ನೊಂದು ಕಡೆಯವರು ಅದಕ್ಕೆ ದೀಕ್ಷೆ ಕೊಡೋಣ ಎಂದರು. ದೀಕ್ಷೆ ಕೊಟ್ಟವರಿಗೂ ಬೈಗುಳ ತಪ್ಪಲಿಲ್ಲ. ವೇಷ ಬದಲಿಸಿದರೂ ಡ್ರ್ಯಾಗನ್ ಡ್ರ್ಯಾಗನ್ನೇ ಎಂದವರು ಚರ್ಚುಗಳಲ್ಲೇ ಇದ್ದರು.

ತಮಾಷೆಯೆಂದರೆ ಸೈತಾನನದು ಎನಿಸಿಕೊಂಡ ಆ ಮೂಲ ಆಟದಲ್ಲಿ ಬೈಬಲ್ ಬೇಕಾದಷ್ಟಿತ್ತು. ಅದರ ‘ಕ್ಲೆರಿಕ್’ ಎಂಬ ಪಾದ್ರಿ ಪಾತ್ರ ಅಲಗಿರುವ ಆಯುಧ ಹಿಡಿಯುವಂತಿಲ್ಲ. ಅವನ ವಿದ್ಯೆಗಳು ಕೋಲನ್ನು ಹಾವಾಗಿಸುವುದು, ಕೀಟಗಳ ದಂಡನ್ನು ಕರೆಯುವುದು, ನೀರನ್ನು ಇಬ್ಭಾಗ ಮಾಡುವುದು, ಸತ್ತವರನ್ನು ಎಬ್ಬಿಸುವುದು. ಮೋಶೆಯ, ಯೇಸುವಿನ ಕಥೆ ಕೇಳಿದವರಿಗೆ ಇದರಲ್ಲಿ ಹೊಸದೇನಿದೆ? ಅದೇ ಆಟಕ್ಕೆ 1980ರಲ್ಲಿ ದೇವತೆಗಳ ಒಂದು ಪುಸ್ತಕ ಬಂತು. ಗ್ರೀಕರ ಜ್ಯೂಸ್, ಈಜಿಪ್ಟಿನ ರಾ, ಅವರ ಸಾಲಿನಲ್ಲಿ ನಮ್ಮ ಇಂದ್ರ, ವಿಷ್ಣು, ಕಾಳಿ. ಪ್ರತಿಯೊಬ್ಬರಿಗೂ ‘ಹಿಟ್ ಪಾಯಿಂಟ್’ ಎಂಬ ಪ್ರಾಣದ ಲೆಕ್ಕ ಕೊಟ್ಟಿದ್ದಾರೆ, ಅಂದರೆ ಅಷ್ಟು ಏಟು ಬಿದ್ದರೆ ದೇವರು ಮುಗಿದ. ಯೆಹೋವನಿಗೆ ಮಾತ್ರ ಅಂಥ ಲೆಕ್ಕವಿಲ್ಲ. ಅವನು ಆ ಪುಸ್ತಕದಲ್ಲೇ ಇಲ್ಲ. ತಮ್ಮ ದೇವರನ್ನು ಮೇಜಿನಿಂದ ಎತ್ತಿ ಒಳಗಿಟ್ಟು, ಉಳಿದವರ ದೇವರುಗಳನ್ನು ಮೇಜಿನ ಮೇಲೆ ಹರಡಿದ ಹಾಗಾಯಿತು. ನನಗೆ ಸಿಟ್ಟೇನೂ ಬರಲಿಲ್ಲ. ಮಹಿಷಾಸುರನ ಕೈಯಲ್ಲಿ ಹೊಡೆತ ತಿಂದು ಸ್ವರ್ಗ ಬಿಟ್ಟು ಓಡುವ ಇಂದ್ರನನ್ನು ಪ್ರತಿ ವರ್ಷ ಬಯಲಾಟದಲ್ಲಿ ನೋಡುತ್ತ ಬೆಳೆದವನು ನಾನು. ಸೋಲುವುದು ಇಂದ್ರನಿಗೆ ಕಸುಬು. ಆದರೆ ಲೆಕ್ಕದ ಓರೆ ಕಣ್ಣಿಗೆ ಬೀಳದೆ ಇರಲಿಲ್ಲ. ಅದಕ್ಕೆ ಹೋಲಿಸಿದರೆ ಡ್ರ್ಯಾಗನ್‌ರೈಡ್ ನೇರ: ನಾನು ಕ್ರೈಸ್ತರ ಆಟ, ನಿನ್ನನ್ನು ತಿದ್ದಲೆಂದೇ ಹುಟ್ಟಿದ್ದೇನೆ ಎಂದು ಪೆಟ್ಟಿಗೆಯ ಮೇಲೆಯೇ ಹೇಳಿಕೊಳ್ಳುತ್ತದೆ.

ನಾವು ಮೇಜಿನ ಸುತ್ತ ಐವರು. ಪೆಟ್ಟಿಗೆಯ ಒಡೆಯನಾದ ಸಹೋದ್ಯೋಗಿ, ಭಾನುವಾರ ತಪ್ಪದ ಲೂಥರನ್. ಯಾವ ದೇವರನ್ನೂ ನಂಬದ ಅವನ ತಂಗಿ. ನಿವೃತ್ತ ಶಾಲಾ ಶಿಕ್ಷಕಿ, ಯಹೂದಿಯವರು. ಹೈದರಾಬಾದಿನ ಎಂಜಿನಿಯರ್ ಗೆಳೆಯ, ಐದು ಹೊತ್ತು ನಮಾಜು ಮಾಡುವವನು. ಮತ್ತು ನಾನು.

ವಚನದ ಚೀಟಿಗಳನ್ನು ಹಂಚಿದಾಗ ನಡೆದದ್ದನ್ನು ಯಾರೂ ಎಣಿಸಿರಲಿಲ್ಲ. ಎಲ್ಲರಿಗಿಂತ ಮೊದಲು ಬಾಯಿಪಾಠ ಮಾಡಿದವನು ಹೈದರಾಬಾದಿನವನು. ಎರಡು ಸಲ ತುಟಿ ಅಲ್ಲಾಡಿಸಿದ, ಚೀಟಿ ಮಗುಚಿಟ್ಟ, ಮುಗಿಯಿತು. ಏಳನೇ ವಯಸ್ಸಿನಲ್ಲಿ ಮದರಸಾದ ಚಾಪೆಯ ಮೇಲೆ ಹಿಂದೆ ಮುಂದೆ ತೂಗುತ್ತ ಕುರ್‌ಆನಿನ ಕೊನೆಯ ಭಾಗವನ್ನು ಪೂರ್ತಿ ಕಲಿತ ನಾಲಿಗೆ ಅದು. ಎರಡನೆಯವನು ನಾನು. ಮಗ್ಗಿ, ಅಮರಕೋಶದ ನಾಲ್ಕು ಶ್ಲೋಕ, ಭಜನೆ, ಎಲ್ಲವನ್ನೂ ದೀಪ ಹಚ್ಚುವ ಹೊತ್ತಿಗೆ ಒಪ್ಪಿಸಿದ ಮೇಲೆಯೇ ಊಟ ಎಂಬ ಮನೆಯಲ್ಲಿ ಬೆಳೆದದ್ದು. ಅದಲ್ಲದೆ ಕನ್ಯಾಸ್ತ್ರೀಯರ ಶಾಲೆಯಲ್ಲಿ ಏಳು ವರ್ಷ ಪ್ರತಿದಿನ ಬೆಳಿಗ್ಗೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳಿದ್ದೇನೆ. ಬೈಬಲ್ ವಚನ ಬಾಯಿಗೆ ಬಂದರೆ ಮೈಲಿಗೆಯಾಗುತ್ತದೆಂದು ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ. ಶಿಕ್ಷಕಿ ಚೀಟಿ ನೋಡಿ ಹುಬ್ಬೇರಿಸಿದರು. “ಇದು ದಾವೀದನ ಕೀರ್ತನೆ. ನಮ್ಮ ಮನೆಯದು. ನಿಮ್ಮ ಅನುವಾದ ಪರವಾಗಿಲ್ಲ” ಎಂದರು. ಪದೇ ಪದೇ ತಪ್ಪಿದವನು, ಡ್ರ್ಯಾಗನ್ನಿಗೆ ಮೂರು ಸಲ ಸೋತವನು, ಆ ಐವರಲ್ಲಿ ಒಬ್ಬನೇ ಕ್ರೈಸ್ತ. ಅವನಿಗೆ ವಚನದ ಅರ್ಥ ಗೊತ್ತು, ಸಂದರ್ಭ ಗೊತ್ತು, ಅಧ್ಯಾಯ ಸಂಖ್ಯೆ ಗೊತ್ತು. ಶಬ್ದಗಳು ಮಾತ್ರ ಸಾಲಾಗಿ ಬಾರವು. ಬಾಯಿಪಾಠವೆಂದರೆ ಬುದ್ಧಿಯ ಶತ್ರು ಎಂದು ಹೇಳಿಕೊಟ್ಟ ಶಾಲೆಯಲ್ಲಿ ಕಲಿತವನು, ಪಾಪ.

ಆಟ ಸಿಕ್ಕಿಬಿದ್ದದ್ದು ಎರಡನೇ ವಾರ. ಹೈದರಾಬಾದಿನವನಿಗೆ ಬಂದ ಚೀಟಿಯಲ್ಲಿ ಯೇಸು ದೇವರ ಮಗ ಎನ್ನುವ ವಚನವಿತ್ತು. ಅವನು ಓದಿದ, ಮೇಜಿನ ಮೇಲಿಟ್ಟ. “ನನ್ನ ಪಾತ್ರ ಹೇಳಲಿ, ನನಗೆ ಅಡ್ಡಿಯಿಲ್ಲ. ನಾನು ಹೇಳಲಾರೆ” ಎಂದ. ದನಿಯಲ್ಲಿ ಕೋಪವಿರಲಿಲ್ಲ. ನಮಗೆಲ್ಲ ಸರಿಯೆನಿಸಿತು. ಆದರೆ ಪುಸ್ತಕದಲ್ಲಿ ಅದಕ್ಕೆ ದಾರಿಯಿಲ್ಲ. ವಚನ ಹೇಳುವ ಹೊತ್ತಿಗೆ ಪಾತ್ರ ಪಕ್ಕಕ್ಕೆ ಸರಿದು ಮನುಷ್ಯನೇ ಎದುರು ನಿಲ್ಲಬೇಕು ಎಂಬುದೇ ಈ ಆಟದ ತಿರುಳು. ವೇಷ ಹಾಕಿಸಿ, ಮುಖ್ಯವಾದ ಗಳಿಗೆಯಲ್ಲಿ ಕಿರೀಟ ತೆಗೆದು ಮಾತಾಡು ಎಂದ ಹಾಗೆ.

ಆಗ ನನಗೆ ತಾಳಮದ್ದಳೆ ನೆನಪಾಯಿತು. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಾಲಿನಲ್ಲಿ ಸಾಲಾಗಿ ಕುಳಿತವರು ಮಾತಿನಲ್ಲೇ ರಾಮನೂ ವಾಲಿಯೂ ಆಗುವ ಕಲೆ. ಬರೆದಿಟ್ಟ ಸಂಭಾಷಣೆ ಒಂದು ಸಾಲೂ ಇಲ್ಲ. ಎದುರಾಳಿ ಏನು ಕೇಳುತ್ತಾನೆಂದು ಯಾರಿಗೂ ತಿಳಿಯದು. ಅಮೆರಿಕದವರು 1974ರಲ್ಲಿ ಕಂಡುಹಿಡಿದೆವು ಎನ್ನುವುದನ್ನು ನಮ್ಮವರು ದಾಳವಿಲ್ಲದೆ ಮಳೆಗಾಲದ ರಾತ್ರಿಗಳಲ್ಲಿ ಆಡುತ್ತಲೇ ಬಂದಿದ್ದಾರೆ ಎಂದು ಕೊಚ್ಚಿಕೊಳ್ಳುವ ಆಸೆಯನ್ನು ತಡೆದುಕೊಳ್ಳುತ್ತೇನೆ; ಇಲ್ಲಿ ಬೇಕಾದದ್ದು ಅದರ ಕಟ್ಟು. ಪದ್ಯ ಹಾಡುವವರು ಭಾಗವತರು. ಪದ್ಯಕ್ಕೆ ಅರ್ಥ ಹೇಳುವವನು ಅರ್ಥಧಾರಿ. ಇಬ್ಬರ ಕೆಲಸ ಬೇರೆ, ಬಾಯಿ ಬೇರೆ. ಪದ್ಯ ಮೊದಲೇ ಇರುವಂಥದ್ದು, ಬದಲಾಗದ್ದು. ಅರ್ಥ ಆ ರಾತ್ರಿಯದು, ಆ ಮನುಷ್ಯನದು. ಕೃಷ್ಣಸಂಧಾನದ ಕೌರವ ಕೃಷ್ಣನನ್ನು ಗೊಲ್ಲನೆಂದು ಹೀಯಾಳಿಸುತ್ತಾನೆ. ಕೆಳಗೆ ಕುಳಿತ ಕೃಷ್ಣಭಕ್ತರು ಚಪ್ಪಾಳೆ ತಟ್ಟುತ್ತಾರೆ, ಏಕೆಂದರೆ ಮಾತು ಕೌರವನದು. ಅದೇ ಅರ್ಥಧಾರಿ ಮುಂದಿನ ವಾರ ಕೃಷ್ಣನಾಗಿ ಬಂದು ಅದೇ ಮಾತಿಗೆ ಉತ್ತರ ಕೊಟ್ಟಾನು.

ಈ ಕಟ್ಟಿನಿಂದಲೇ ನಮ್ಮ ಸೀಮೆಯಲ್ಲಿ ಬೇರೆ ಬೇರೆ ಮತದವರು ಒಂದು ರಂಗದಲ್ಲಿ ಕೂರಲು ಆಯಿತು ಎಂಬುದು ನನ್ನ ಅನಿಸಿಕೆ. ಜಬ್ಬಾರ್ ಸಮೋ ಸಂಪಾಜೆಯವರು ಪುರಾಣಪಾತ್ರಗಳಿಗೆ ಅರ್ಥ ಹೇಳುವುದನ್ನು ಕೇಳಲು ಜನ ದೂರದಿಂದ ಬರುತ್ತಾರೆ. ಅವರ ನಮಾಜಿಗೂ ಪಾತ್ರದ ಮಾತಿಗೂ ಜಗಳವಿದೆಯೇ ಎಂದು ನನ್ನೂರಿನ ಸಭೆಯಲ್ಲಿ ಯಾರೂ ಕೇಳಿದ್ದನ್ನು ನಾನು ಕಾಣೆ. ಇತ್ತ ಶೇಣಿ ಗೋಪಾಲಕೃಷ್ಣ ಭಟ್ಟರು ಬಪ್ಪನಾಡು ಕ್ಷೇತ್ರಮಹಾತ್ಮೆ ಎಂಬ ಯಕ್ಷಗಾನ ಪ್ರಸಂಗದಲ್ಲಿ ಮುಸ್ಲಿಂ ವರ್ತಕ ಬಪ್ಪ ಬ್ಯಾರಿಯ ಪಾತ್ರಕ್ಕೆ ಹೆಸರಾದರು. ದುರ್ಗೆಯ ಗುಡಿ ಕಟ್ಟಿಸಿದನೆಂದು ಐತಿಹ್ಯವಿರುವ ಬ್ಯಾರಿ. ಅವನನ್ನು ರಂಗದ ಮೇಲೆ ತಂದವರು ಒಬ್ಬ ಭಟ್ಟರು. ಊರು ಸ್ವರ್ಗವೇನಲ್ಲ, ಇತ್ತೀಚೆಗಂತೂ ಅಲ್ಲವೇ ಅಲ್ಲ. ಯಾರು ಯಾವ ಜಾತ್ರೆಯಲ್ಲಿ ಅಂಗಡಿ ಇಡಬಾರದೆಂದು ಫಲಕ ಹಾಕುವ ಕಾಲದಲ್ಲಿ ಊರಿನ ಸೌಹಾರ್ದವನ್ನು ಇಲ್ಲಿಂದ ಹೊಗಳಿ ಬರೆಯಲು ನನಗೂ ಮುಜುಗರ. ನಾನು ಹೊಗಳುತ್ತಿರುವುದು ಪದ್ಯವನ್ನೂ ಅರ್ಥವನ್ನೂ ಬೇರೆ ಮಾಡಿದ ಆ ಜಾಣತನವನ್ನು.

ಮೇಜಿನ ಮುಂದೆ ಅದನ್ನೇ ಸೂಚಿಸಿದೆ. ವಚನಗಳನ್ನೆಲ್ಲ ಸಹೋದ್ಯೋಗಿಯೇ ಹೇಳಲಿ, ಅವನೇ ನಮ್ಮ ಭಾಗವತ. ನಾವು ನಮ್ಮ ಪಾತ್ರಗಳಾಗಿ ಅದಕ್ಕೆ ಅರ್ಥ ಹೇಳುತ್ತೇವೆ: ಈ ಮಾತು ಈ ಗುಹೆಯಲ್ಲಿ, ಈ ಡ್ರ್ಯಾಗನ್ನಿನ ಮುಂದೆ ನನಗೆ ಏನು ಮಾಡೆನ್ನುತ್ತದೆ ಎಂದು. ಅರ್ಥ ನಿಂತರೆ ಡ್ರ್ಯಾಗನ್ ಬಿತ್ತು. ಎರಡು ಸಂಜೆ ಹಾಗೆ ಆಡಿದೆವು. ಆಟ ಕಳೆಗಟ್ಟಿತು. ಹೈದರಾಬಾದಿನವನ ಪಾತ್ರ ಕ್ಷಮೆಯ ಬಗ್ಗೆ ಆಡಿದ ಮಾತಿಗೆ ಸಹೋದ್ಯೋಗಿಯ ತಂಗಿ, ಆ ನಾಸ್ತಿಕಳು, ಮೊಬೈಲ್ ಕೆಳಗಿಟ್ಟಳು. ಶಿಕ್ಷಕಿ ಒಂದೇ ವಚನಕ್ಕೆ ಮೂರು ಅರ್ಥ ಹೇಳಿ ಮೂರನ್ನೂ ತಾವೇ ಖಂಡಿಸಿದರು. ತಮ್ಮಲ್ಲಿ ಇದನ್ನು ಆಟವೆನ್ನುವುದಿಲ್ಲ, ಓದು ಎನ್ನುತ್ತಾರೆ ಎಂದರು.

ಮೂರನೇ ಸಂಜೆ ಸಹೋದ್ಯೋಗಿ ಮೆಲ್ಲಗೆ ತನ್ನ ಮಾತು ಹೇಳಿದ. ಆಟ ಚೆನ್ನಾಗಿದೆ, ಆದರೆ ಇದು ಆ ಆಟವಲ್ಲ. ಹತ್ತನೇ ವಯಸ್ಸಿನಲ್ಲಿ ಅವನ ಕೈಗೆ ಈ ಪೆಟ್ಟಿಗೆ ಕೊಟ್ಟವರು ಅವನ ಅಪ್ಪ. ದೆವ್ವದ ಆಟ ಆಡಬೇಡ ಎಂದು ಬೇರೆಯದನ್ನು ಕಸಿದುಕೊಂಡು, ಅತ್ತ ಮಗನಿಗೆ ಇದನ್ನು ತಂದುಕೊಟ್ಟಿದ್ದರು. ಪೆಟ್ಟಿಗೆಯ ಜೊತೆ ಬಂದ ಕ್ಯಾಸೆಟ್ಟನ್ನು ಇಬ್ಬರೂ ಕಾರಿನಲ್ಲಿ ಕೇಳುತ್ತಿದ್ದರಂತೆ. ವಚನ ಹೃದಯದಲ್ಲಿ ನಿಲ್ಲಲಿ ಎಂದು ಮಾಡಿದ ಆಟದಿಂದ ವಚನ ಕಲಿಯುವುದನ್ನೇ ತೆಗೆದರೆ ಉಳಿಯುವುದೇನು ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅವನದು ಸಾಧನೆಯ ಪುಸ್ತಕ. ನಾವು ಅದನ್ನು ಬಯಲಾಟದ ಪ್ರಸಂಗ ಮಾಡಿಕೊಂಡೆವು. ನಮ್ಮ ಮನೆಯ ಸಂಧ್ಯಾದೀಪದ ಭಜನೆಯನ್ನು ಯಾರಾದರೂ ಹೀಗೆ ವಾದದ ವಸ್ತು ಮಾಡಿದರೆ ನನಗೂ ಇರಿಸುಮುರಿಸಾಗುತ್ತಿತ್ತು. ಪೆಟ್ಟಿಗೆಯನ್ನು ಅವನು ಮನೆಗೆ ಒಯ್ದ. ಈಗ ತನ್ನ ಮಗಳ ಜೊತೆ ಆಡುತ್ತಾನಂತೆ, ಮೂಲ ನಿಯಮದಂತೆಯೇ.

ನಮ್ಮ ಮೇಜಿಗೆ ಈಗ ಬಂದಿರುವುದು ಪೆಂಡ್ರ್ಯಾಗನ್. ಗ್ರೆಗ್ ಸ್ಟಾಫರ್ಡ್ 1985ರಲ್ಲಿ ತಂದ ಆರ್ಥರ್ ರಾಜನ ಕಾಲದ ಆಟ. ಇಲ್ಲಿ ಕ್ರೈಸ್ತ ವೀರರೂ ಇದ್ದಾರೆ, ಹಳೆಯ ದೇವತೆಗಳನ್ನು ಪೂಜಿಸುವವರೂ ಇದ್ದಾರೆ. ಮತವನ್ನು ಬರೆಯುವುದು ಪಾತ್ರದ ಹಾಳೆಯಲ್ಲಿ. ಸ್ವಭಾವಗಳು ಹದಿಮೂರು ಜೋಡಿ: ಕ್ಷಮೆಗೆ ಎದುರು ಸೇಡು, ವಿನಯಕ್ಕೆ ಎದುರು ಗರ್ವ, ಹೀಗೆ. ಒಂದು ಜೋಡಿಯ ಎರಡು ಅಂಕಿ ಕೂಡಿದರೆ ಇಪ್ಪತ್ತು. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಯಾವ ಗುಣಗಳನ್ನು ದೊಡ್ಡದೆನ್ನಬೇಕು ಎಂಬುದು ಮತದಿಂದ ಮತಕ್ಕೆ ಬೇರೆ. ಇಕ್ಕಟ್ಟಿನಲ್ಲಿ ನೀವು ಏನು ಮಾಡುತ್ತೀರಿ ಎಂದು ದಾಳವೇ ಕೇಳುತ್ತದೆ, ಕೆಲವೊಮ್ಮೆ ನಿಮ್ಮ ಇಷ್ಟಕ್ಕೆ ವಿರುದ್ಧವಾಗಿ.

ಹೈದರಾಬಾದಿನವನು ಪಟ್ಟು ಹಿಡಿದು ಕ್ರೈಸ್ತ ವೀರನ ಪಾತ್ರವನ್ನೇ ಆರಿಸಿಕೊಂಡ. ಬ್ರಹ್ಮಚರ್ಯ ಹದಿನಾರು, ಮಿತಾಹಾರ ಹದಿನೈದು. ಲೂಥರನ್ ಸಹೋದ್ಯೋಗಿ ಓಕ್ ಮರಕ್ಕೆ ಕೈಮುಗಿಯುವ ವೀರನಾದ. ಮೊದಲ ಸಂಜೆಯೇ ಕೋಟೆಯಲ್ಲಿ ಔತಣ. ರಾಣಿಯ ಸಖಿಯೊಬ್ಬಳು ದ್ರಾಕ್ಷಾರಸದ ಬಟ್ಟಲು ಹಿಡಿದು ಬಂದಳು. ಕ್ರೈಸ್ತ ವೀರ ಇಪ್ಪತ್ತು ಮುಖದ ದಾಳ ಉರುಳಿಸಿದ. ಹದಿನಾರರೊಳಗೆ ಬಿದ್ದರೆ ಸಾಕಿತ್ತು, ಬಿದ್ದದ್ದು ಹತ್ತೊಂಬತ್ತು. ಮತ್ತೆ ಮಿತಾಹಾರಕ್ಕೆಂದು ಉರುಳಿಸಿದ. ಹದಿನೆಂಟು.

“ಯಾ ಅಲ್ಲಾಹ್” ಎಂದು ಅವನು ತಲೆಯ ಮೇಲೆ ಕೈ ಹೊತ್ತ. ಪಕ್ಕದಲ್ಲಿದ್ದ ಮರಪೂಜಕ ವೀರ ಗಂಭೀರವಾಗಿ ಅವನ ಹೆಗಲು ತಟ್ಟಿ, ಪಶ್ಚಾತ್ತಾಪಕ್ಕೆ ತಕ್ಕ ವಚನ ಎಲ್ಲಿದೆಯೆಂದು ಹೇಳಲು ಹೋಗಿ ಎರಡನೇ ಶಬ್ದಕ್ಕೆ ತಡವರಿಸಿದ. ಉಳಿದದ್ದನ್ನು ಒಪ್ಪಿಸಿದವರು ಶಿಕ್ಷಕಿ, ಹೀಬ್ರೂವಿನಲ್ಲಿ.