ಗುರುತು ಸಿಕ್ತಾ ಸಾರ್?

ಬೇಸಿಗೆ ರಜೆ ಶುರುವಾಯಿತೆಂದರೆ ಊರೂರಿನ ಹೈಸ್ಕೂಲುಗಳಲ್ಲಿ ಗುರುವಂದನೆಯ ಸುಗ್ಗಿ. 1999-2000ನೇ ಸಾಲಿನ ಎಸ್ಸೆಸ್ಸೆಲ್ಸಿ ಬ್ಯಾಚು, ಬೆಳ್ಳಿಹಬ್ಬ, ವಾಟ್ಸ್ಯಾಪ್ ಗ್ರೂಪು, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಎಲ್ಲ ಸರಿ. ಮೇಷ್ಟ್ರ ಮೇಲಿನ ಪ್ರೀತಿಯೂ ನಿಜವೇ. ಆದರೆ ಮೇಷ್ಟ್ರು ಕಾರಿನಿಂದ ಒಂದು ಕಾಲು ಕೆಳಗಿಟ್ಟು ಇನ್ನೊಂದನ್ನು ಇಡುವಷ್ಟರಲ್ಲಿ ನಮಸ್ಕಾರ ಮಾಡಿ ಎದ್ದವನೊಬ್ಬ ಹಲ್ಲುಕಿರಿದು ಕೇಳುತ್ತಾನಲ್ಲ, "ಗುರುತು ಸಿಕ್ತಾ ಸಾರ್?" ಅಂತ, ಅದನ್ನೊಂದು ಯಾರಾದರೂ ಕಾನೂನು ತಂದು ನಿಲ್ಲಿಸಬೇಕು.

ಸ್ವಲ್ಪ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಹೊಸದಾಗಿ 150 ಮಕ್ಕಳೆಂದರೂ 30 ವರ್ಷದ ಸರ್ವಿಸಿಗೆ 4,500 ಮುಖ. ಅವರು ಕಂಡಿದ್ದು ಮೀಸೆ ಚಿಗುರದ, ಎಣ್ಣೆ ಹಚ್ಚಿ ತಲೆ ಬಾಚಿದ ಹದಿನೈದರ ಹುಡುಗನನ್ನು. ಈಗ ಎದುರಿಗೆ ನಿಂತಿರುವವನು ನಲವತ್ತರವನು. ಕೂದಲು ತಲೆಯಿಂದ ಗಡ್ಡಕ್ಕೆ ವರ್ಗಾವಣೆಯಾಗಿದೆ, ಹೊಟ್ಟೆಗೆ ಬಡ್ತಿ ಸಿಕ್ಕಿದೆ, ಮೇಲೊಂದು ಕಪ್ಪು ಕನ್ನಡಕ ಬೇರೆ. ಆಗ 45 ಆಗಿದ್ದ ಮೇಷ್ಟ್ರಿಗೆ ಈಗ 70. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಇನ್ನೊಂದನ್ನು ಚಳಿಗಾಲಕ್ಕೆ ನೋಡೋಣ ಎಂದಿದ್ದಾರೆ ಡಾಕ್ಟರು. ಇಂಥವರನ್ನು ಬಿಸಿಲಲ್ಲಿ ನಿಲ್ಲಿಸಿ ಪರೀಕ್ಷೆ!

ಪಾಪ, ಮೇಷ್ಟ್ರುಗಳೂ ಸುಮ್ಮನೆ ಕೂತಿಲ್ಲ. ಅನುಭವಸ್ಥರು ಉಪಾಯ ಕಂಡುಕೊಂಡಿದ್ದಾರೆ. ಮೊದಲು "ಓಹೋಹೋ, ನೀನಾ!" ಎಂದು ಹೆಗಲು ತಟ್ಟುವುದು. ಆಮೇಲೆ "ಈಗ ಎಲ್ಲಿದ್ದೀಯಪ್ಪ?" "ಮನೇಲಿ ಅಪ್ಪ ಅಮ್ಮ ಹೇಗಿದ್ದಾರೆ?" ಎಂದು ಒಂದೊಂದೇ ಗಾಳ ಬಿಡುವುದು. ಉತ್ತರದಲ್ಲಿ ಊರಿನ ಹೆಸರೋ ಅಣ್ಣನ ಹೆಸರೋ ಸಿಕ್ಕಿಬಿದ್ದರೆ ಬಚಾವ್. ಆದರೆ ಇಂದಿನ ಶಿಷ್ಯರು ಜಾಣರು, ಎಲ್ಲಕ್ಕೂ "ಎಲ್ಲಾ ನಿಮ್ಮ ಆಶೀರ್ವಾದ ಸಾರ್" ಎಂದು ಬಿಡುತ್ತಾರೆ. ಮತ್ತೆ ಅದೇ ಪಟ್ಟು: "ಅದಿರಲಿ, ಹೆಸರು ಹೇಳಿ ನೋಡೋಣ!" ಮೇಷ್ಟ್ರು ತಡವರಿಸಿದರೆ ಸುಳಿವು ಬೇರೆ ಕೊಡುತ್ತಾರೆ: "ಸಾರ್, 'ಎಸ್' ಅಕ್ಷರದಿಂದ ಶುರು ಆಗುತ್ತೆ." ಸುರೇಶ, ಸತೀಶ, ಸಂತೋಷ, ಶ್ರೀನಿವಾಸ, ಶಿವಕುಮಾರ. ಹಾಜರಿ ಪುಸ್ತಕದ ಒಂದಿಡೀ ಪುಟ ಅದೇ ಅಕ್ಷರ ಅಲ್ಲವೇನಯ್ಯಾ?

ಅಂದಾಜಿನ ಮೇಲೆ ಮೇಷ್ಟ್ರು "ಸತೀಶ" ಎಂದರೆನ್ನಿ. ಎದುರಿನವನು ಸಂತೋಷ. ಮುಖ ಇಷ್ಟೇ ಇಷ್ಟಾಗುತ್ತದೆ. ಪಕ್ಕದಲ್ಲಿದ್ದವನು ಬಿಡುತ್ತಾನೆಯೇ? "ನಿನ್ನ ಮರೆತಿದ್ದಾರೆ ಕಣೋ, ಸಾರ್‌ಗೆ ನನ್ನ ನೆನಪಿದೆ" ಎಂದು ಮುಂದೆ ನುಗ್ಗುತ್ತಾನೆ. ಈ ಆಟ ಗೇಟಿನಿಂದ ವೇದಿಕೆಯವರೆಗೆ ಐವತ್ತು ಹೆಜ್ಜೆಗೆ ಐವತ್ತು ಸಲ.

ನಿಜಕ್ಕೂ ಗುರುತು ಸಿಗಬೇಕೆಂದಿದ್ದರೆ ದಾರಿ ಸುಲಭ. ಕೈಮುಗಿದು ಒಂದೇ ಉಸಿರಿಗೆ ನಾಲ್ಕು ಸಂಗತಿ ಹೇಳಿ: ವರ್ಷ, ಸೆಕ್ಷನ್, ಊರು, ಯಾರ ತಮ್ಮ. ಕೊನೆಯದನ್ನು ಬಿಡಬೇಡಿ. ಹಳ್ಳಿ ಶಾಲೆಯ ಮೇಷ್ಟ್ರ ನೆನಪು ಮನೆತನದ ಲೆಕ್ಕದಲ್ಲಿರುತ್ತದೆ. ಅಣ್ಣ ಅಕ್ಕ ಅದೇ ಬೆಂಚಿನಲ್ಲಿ ಕೂತು ಹೋಗಿದ್ದರೆ ಆ ಎಳೆ ಹಿಡಿದು ನಿಮ್ಮ ತನಕ ಬಂದೇ ಬರುತ್ತಾರೆ. ಕನ್ನಡಕ ತೆಗೆಯಿರಿ. ಬರದಿದ್ದರೆ ನಕ್ಕು ಜಾಗ ಬಿಡಿ, ಹಿಂದೆ ಸಾಲಿದೆ.

ಇನ್ನು ವೇದಿಕೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಐದು ವಸ್ತು. ಮೇಷ್ಟ್ರಿಗಿರುವುದು ಎರಡು ಕೈ. ಮಾರುಕಟ್ಟೆಯ ರೆಡಿಮೇಡ್ ಪೇಟ ಎಲ್ಲ ತಲೆಗೂ ಒಂದೇ ಅಳತೆ, ಸಣ್ಣ ತಲೆಯವರಿಗೆ ನೇರ ಹುಬ್ಬಿಗೆ ಇಳಿಯುತ್ತದೆ. ಒಳ ಅಂಚಿಗೆ ಪತ್ರಿಕೆಯ ಹಾಳೆಯನ್ನು ಎರಡು ಬೆರಳಗಲಕ್ಕೆ ಮಡಚಿ ಸುತ್ತಲೂ ಇಟ್ಟರೆ ಬಿಗಿಯಾಗಿ ನಿಲ್ಲುತ್ತದೆ, ಆದರೆ ಆ ಹೊತ್ತಿಗೆ ಪತ್ರಿಕೆ ತರುವವರು ಯಾರು? ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಮೈಕಿನ ಹತ್ತಿರ ಹೋದರೆ ಇಡೀ ಸಭೆಗೆ ಚರಪರ. ಮೇಷ್ಟ್ರು ಪೇಟ ಮೇಲೆತ್ತಲು ಹೋದರೆ ಬುಟ್ಟಿ ಜಾರುತ್ತದೆ, ಬುಟ್ಟಿ ಹಿಡಿದರೆ ಕಣ್ಣು ಕಾಣುವುದಿಲ್ಲ. ಅಷ್ಟರಲ್ಲಿ ಫೋಟೋದವನ ಅಪ್ಪಣೆ: "ಸಾರ್, ಸ್ವಲ್ಪ ನಗಿ."

ಅಧ್ಯಕ್ಷರು, ಉದ್ಘಾಟಕರು, ದಾನಿಗಳು ಮಾತಾಡಿ ಮುಗಿಸುವಾಗ ಅಡುಗೆಯವನು ಸಾಂಬಾರು ಆರುತ್ತಿದೆ ಎಂದು ಹೇಳಿ ಕಳಿಸಿರುತ್ತಾನೆ. ಆಗ ಗುರುಗಳಿಗೆ "ಎರಡೇ ನಿಮಿಷದಲ್ಲಿ ಆಶೀರ್ವಚನ." ಜೇಬಿನಲ್ಲಿ ಮಡಚಿಟ್ಟಿದ್ದ ಹಾಳೆ ಜೇಬಿನಲ್ಲೇ ಉಳಿಯುತ್ತದೆ.

ಮೇಷ್ಟ್ರಿಗೆ ನೆನಪಿರುವುದು ಸಾಮಾನ್ಯವಾಗಿ ಎರಡು ಜಾತಿ: ಫಸ್ಟು ಬಂದವರು, ಕಿಟಕಿ ಹಾರಿದವರು. ನಡುಬೆಂಚಿನ ಮೂವತ್ತೈದು ಮಂದಿ ಹಾಗೇ ಮರೆತುಹೋಗಿರುತ್ತಾರೆ. ಅವರೇ ಹೆಚ್ಚಾಗಿ ಈ ಪ್ರಶ್ನೆ ಕೇಳುವವರು ಎಂದು ನೆನೆದಾಗ ಸಿಟ್ಟು ಕೊಂಚ ಇಳಿಯುತ್ತದೆ. ಆ ಮಂದಿಯಲ್ಲೊಬ್ಬ ಇವತ್ತು ಗಾರೆ ಮೇಸ್ತ್ರಿಯಾಗಿರಬಹುದು. ಪಾಯ ಗುರುತು ಮಾಡುವಾಗ ಮೂಲೆಯ ಗೂಟದಿಂದ ಒಂದು ಕಡೆ 6 ಅಡಿ, ಇನ್ನೊಂದು ಕಡೆ 8 ಅಡಿ ದಾರ ಎಳೆದು, ಎರಡು ತುದಿಗಳ ನಡುವೆ ಟೇಪು ಹಿಡಿಯುತ್ತಾನೆ. ಸರಿಯಾಗಿ 10 ಅಡಿ ಬಂದರೆ ಮೂಲೆ ಮಟ್ಟ. ಒಂದಿಂಚು ಹೆಚ್ಚಾದರೆ ಗೂಟ ಒಳಗೆ ಸರಿಸು, ಕಡಿಮೆಯಾದರೆ ಹೊರಗೆ. ಇಲ್ಲದಿದ್ದರೆ ಕೋಣೆ ಸೊಟ್ಟಗಾಗಿ ಕೊನೆಗೆ ಟೈಲ್ಸ್ ಹಾಕುವವನು ಗೋಡೆಯುದ್ದಕ್ಕೂ ಓರೆ ತುಂಡು ಕತ್ತರಿಸಬೇಕಾಗುತ್ತದೆ. ಪೈಥಾಗೊರಸನ ಪ್ರಮೇಯ ಬೋರ್ಡಿನ ಮೇಲೆ ಬರೆದು "ತಾಳೆ ನೋಡದೆ ಉತ್ತರ ಬರೀಬೇಡ್ರೋ" ಎಂದು ಕೂಗಿದ ಮೇಷ್ಟ್ರಿಗೆ ಎಷ್ಟು ಮನೆಗಳ ಮೂಲೆಯಲ್ಲಿ ತಾವಿದ್ದೇವೆಂಬುದು ಗೊತ್ತಿಲ್ಲ. ಅವನೂ ಹೇಳುವುದಿಲ್ಲ. ಹೇಳಬೇಕಾದ್ದು ಅದು, ಕೇಳುವುದು ಮಾತ್ರ ಹೆಸರು.

1921ರಲ್ಲಿ ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಗಾಡಿಯಲ್ಲಿ ಅವರನ್ನು ಕೂರಿಸಿ, ತಾವೇ ಎಳೆದು ರೈಲ್ವೆ ಸ್ಟೇಷನ್ನಿಗೆ ಮುಟ್ಟಿಸಿದರಂತೆ. ಎಂಥ ಒಳ್ಳೆಯ ವ್ಯವಸ್ಥೆ ನೋಡಿ. ಎಳೆಯುವವರ ಮುಖ ಮುಂದಕ್ಕೆ, ಮೇಷ್ಟ್ರಿಗೆ ಕಾಣುವುದು ಬೆನ್ನು ಮಾತ್ರ. ಗುರುತಿನ ಪರೀಕ್ಷೆಗೆ ಆಸ್ಪದವೇ ಇಲ್ಲ, ಸಾಲದ್ದಕ್ಕೆ ಸ್ಟೇಷನ್ನಿನ ತನಕ ಬಿಟ್ಟು ಬಂದರು.

ನಮ್ಮಲ್ಲಿ ತಪ್ಪುವುದು ಅದೇ. ಕರೆದು ತರಲು ಮೂರು ಕಾರು, ವಾಪಸು ಬಿಡುವ ಹೊತ್ತಿಗೆ ಒಬ್ಬ ಐಸ್‌ಕ್ರೀಮ್ ತಿನ್ನುತ್ತಿದ್ದಾನೆ, ಇನ್ನೊಬ್ಬ ಡ್ಯಾನ್ಸಿನಲ್ಲಿದ್ದಾನೆ, ಮೂರನೆಯವನ ಫೋನು ಸ್ವಿಚಾಫ್. ಗುರುವಂದನೆ ಮಾಡುವವರು ಉಳಿದ ಪಟ್ಟಿಯ ಮೊದಲೇ ಬಿಡುವ ಡ್ರೈವರನ ಹೆಸರು ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಎಪ್ಪತ್ತರ ಮೇಷ್ಟ್ರು ಬಗಲಲ್ಲಿ ಗಾಜಿನ ಸ್ಮರಣಿಕೆ, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ಬಸ್ಸು ಹತ್ತುತ್ತಾರೆ, ಕಂಡಕ್ಟರು ಬುಟ್ಟಿಗೆ ಲಗೇಜು ಹರಿಯಬೇಕೋ ಬೇಡವೋ ಎಂದು ಯೋಚಿಸುತ್ತಾನೆ.