ಏಸಿಗಿಂತ ಬಿಸಿ ರೊಟ್ಟಿ ಮುಖ್ಯ

ಏಸಿ, ಮೆನು ಕಾರ್ಡ್ ಬಂದರೆ ಮಾತ್ರ ರಾಯಚೂರಿನ ಹಳೇ ಖಾನಾವಳಿಗಳಿಗೆ ಉಳಿಗಾಲ ಅಂತ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪಲ್ಲ. ನಮ್ಮ ಬೇಸಿಗೆಗೆ ಇನ್ನೆರಡು ಫ್ಯಾನ್ ಬೇಕು, ಅದು ಸರಿ. ಆದರೆ ಜನ ಅಲ್ಲಿಗೆ ಹೋಗೋದು ಹಂಚಿನಿಂದ ನೇರ ತಟ್ಟೆಗೆ ಬೀಳುವ ಜೋಳದ ರೊಟ್ಟಿಗೆ ಅಲ್ವಾ? ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಕುದಿನೀರು ಹಾಕಿ ಚೆನ್ನಾಗಿ ನಾದಬೇಕು, ಅಂಚು ಒಡೆಯದ ಹಾಗೆ ಕೈಯಲ್ಲೇ ಬಡಿಯಬೇಕು. ಆರಿತೋ, ಮೆತ್ತಗಿನ ರುಚಿ ಹೋಯಿತು. ಜೊತೆಗೆ ಹುಳಿಹುಳಿ ಪುಂಡಿಪಲ್ಯ, ಗುರೆಳ್ಳು ಚಟ್ನಿಪುಡಿ ಮೇಲೊಂದು ಚಮಚ ಗಟ್ಟಿ ಮೊಸರು. ಇದಕ್ಕೆ ಮೆನು ಕಾರ್ಡ್ ಯಾಕೆ? ಏಸಿಗೆ ಸುರಿಯುವ ದುಡ್ಡನ್ನು ಒಲೆ ಮುಂದೆ ಬೇಯುತ್ತಾ ರೊಟ್ಟಿ ಬಡಿಯುವ ಅಕ್ಕಂದಿರ ಕೂಲಿಗೆ ಸೇರಿಸಿ. ಅವರು ಕೆಲಸ ಬಿಟ್ಟ ದಿನವೇ ಖಾನಾವಳಿ ಮುಚ್ಚುತ್ತದೆ.